ನಾಲ್ಕು ಕೆಂಪು ಕಡ್ಡಿಗಳು

ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿಯ ಗಾಳಿಯೇ ಮೆಣಸಿನಕಾಯಿ. ಪರಸ್ಥಳದವರು ಬಸ್ಸಿನಿಂದ ಇಳಿದವರೇ ಮೂಗಿಗೆ ಕರವಸ್ತ್ರ ಹಿಡಿದು ಓಡಾಡುತ್ತಾರೆ. ಊರವರು ಅವರನ್ನು ನೋಡಿ ನಗುತ್ತಾರೆ, ನಗುತ್ತ ನಗುತ್ತ ತಾವೂ ಕೆಮ್ಮುತ್ತಾರೆ. ಕೇಳಿದರೆ ‘ಕೆಮ್ಮಲ್ರಿ, ಘಾಟು’ ಎನ್ನುತ್ತಾರೆ. ಘಾಟು ಎಂದ ಮೇಲೆ ಅದು ರೋಗವಲ್ಲ, ಊರಿನ ಹವೆ. ಇಂಥ ಊರಿನಲ್ಲಿ ಕ್ಷಯಕ್ಕೆ ಅಡಗಿಕೊಳ್ಳಲು ಬೇರೆ ಜಾಗ ಹುಡುಕುವ ಕೆಲಸವೇ ಇಲ್ಲ.

ಆ ಕೆಮ್ಮು ಯಾವುದು, ಘಾಟಿನ ಕೆಮ್ಮು ಯಾವುದು ಎಂದು ಬೇರೆ ಮಾಡಿ ಹೇಳುವುದೇ ಅಬ್ದುಲರಜಾಕರ ಹೊಟ್ಟೆಪಾಡಾಗಿತ್ತು. ವರ್ತಕರು ಕೂಡಿ ನಡೆಸುತ್ತಿದ್ದ ಸಣ್ಣ ಧರ್ಮದ ದವಾಖಾನೆಯ ಹಿಂಭಾಗದಲ್ಲಿ ಅವರದೊಂದು ಕೋಣೆ. ಕಿಟಕಿಯ ಬೆಳಕಿಗೆ ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ಬಣ್ಣದ ಸೀಸೆಗಳು, ಕಲೆ ಹತ್ತಿ ಹತ್ತಿ ನೇರಳೆಗೆ ತಿರುಗಿದ ಕಲ್ಲಿನ ಕಟ್ಟೆ. ಇಪ್ಪತ್ತೆಂಟು ವರ್ಷ ಅವರು ಅಲ್ಲಿ ಕೂತು ಜನರ ಕಫ ನೋಡಿದರು. ಪೇಟೆಯಲ್ಲಿ ಅವರಿಗೆ ‘ಕೆಮ್ಮಿನ ರಜಾಕಸಾಬ’ ಎಂದೇ ಹೆಸರು. ಎದುರಿಗೆ ಅವರು ಬಂದರೆ ಕೆಲವರು ಬರುತ್ತಿದ್ದ ಕೆಮ್ಮನ್ನು ನುಂಗಿಕೊಂಡು ನಿಲ್ಲುತ್ತಿದ್ದರು.

ಅವರ ಮೇಜಿನ ಮೇಲೆ ದಪ್ಪ ರಿಜಿಸ್ಟರು ಇರುತ್ತಿತ್ತು. ರೋಗಾಣು ಕಾಣದಿದ್ದರೆ ನೀಲಿ ಶಾಯಿ, ಕಂಡರೆ ಕೆಂಪು ಶಾಯಿ. ಮೂರು ತಿಂಗಳಿಗೊಮ್ಮೆ ಹಾವೇರಿಯಿಂದ ಬಂದವರು ಕೈಗೆ ಸಿಕ್ಕಷ್ಟು ಗಾಜಿನ ಪಟ್ಟಿಗಳನ್ನು ಆರಿಸಿ ಒಯ್ದು ಮತ್ತೆ ನೋಡುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಪಟ್ಟಿಯೂ ತಪ್ಪೆಂದು ವಾಪಸು ಬಂದಿರಲಿಲ್ಲ. ಈ ಮಾತನ್ನು ರಜಾಕಸಾಬರು ತಾವಾಗಿ ಎಲ್ಲೂ ಹೇಳುತ್ತಿರಲಿಲ್ಲ. ಹೇಳುವ ಗರಜು ಇರಲಿಲ್ಲ, ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಹೆಂಡತಿ ಬಿಬಿಜಾನ್ ಅದನ್ನೇ ಬಡಿಸುತ್ತಿದ್ದರು. ಮೇ ತಿಂಗಳಿಗೆ ನಿವೃತ್ತಿ. ಶಾಲು ಹೊದಿಸುವ ಮಾತು ಆಗಲೇ ಆಗಿತ್ತು.

ಕೆಲಸ ಕಲಿತದ್ದು ಹಾವೇರಿಯಲ್ಲಿ, ಶಂಭುಲಿಂಗ ಮಾಸ್ತರರ ಕೈಯಲ್ಲಿ. ಈಗ ಅವರಿಲ್ಲ. ಮೈಕೋಬ್ಯಾಕ್ಟೀರಿಯೇಸಿ ಎಂಬ ಹೆಸರನ್ನು ಮಾಸ್ತರರು ಎಲ್ಲೂ ಎಡವದೆ ಒಮ್ಮೆ ಹೇಳಿ, ಆಮೇಲೆ ಅದನ್ನು ಬದಿಗಿಟ್ಟು ‘ಮೇಣದ ಮನೆತನ’ ಎನ್ನುತ್ತಿದ್ದರು.

‘ನೋಡ್ ರಜಾಕ, ಇವು ಸಣ್ಣ ಕಡ್ಡಿ ಇದ್ದಂಗ ಇರ್ತಾವ. ಈಜೂದಿಲ್ಲ, ಹರದಾಡೂದಿಲ್ಲ. ಗಾಳಿ ಮಾತ್ರ ಬೇಕ ಬೇಕು, ಅದಕ್ಕ ಪುಪ್ಪುಸ ಅಂದ್ರ ಭಾಳ ಪ್ರೀತಿ. ಮೈಮ್ಯಾಲ ಮೇಣದಂಥಾ ಕೊಬ್ಬಿನ ಅಂಗಿ. ಸಾದಾ ಬಣ್ಣ ಒಳಗ ಹೋಗೂದಿಲ್ಲ. ಕೆಂಪು ಹಾಕಿ ಹಬೆ ಏಳೂತನಕ ಕಾಸಿದಿ ಅಂದ್ರ ತಗೋತಾವ. ಒಮ್ಮೆ ತಗೊಂಡ ಮ್ಯಾಲ ಆಸಿಡ್ ಹಾಕಿದರೂ ಬಿಡೂದಿಲ್ಲ. ಉಳಿದದ್ದೆಲ್ಲಾ ಬಣ್ಣ ಬಿಟ್ಟು ಬೆಳ್ಳಗ ಆಗ್ತೈತಿ, ಅದಕ್ಕ ನೀಲಿ ಹಾಕು. ನೀಲಿ ನೆಲದಾಗ ಕೆಂಪು ಕಡ್ಡಿ ಕಂಡ್ರ ಇವ ಅಂತ ತಿಳಕೊ.’

ಆದರೆ ಈ ಮನೆತನ ದೊಡ್ಡದು. ಕ್ಷಯದ್ದು ಅದರಲ್ಲಿ ಒಂದು, ಕುಷ್ಠದ್ದು ಇನ್ನೊಂದು. ಉಳಿದವು ಇನ್ನೂರರ ಹತ್ತಿರ. ಹೆಚ್ಚಿನವು ಮಣ್ಣಿನಲ್ಲಿ, ನೀರಿನಲ್ಲಿ, ನಲ್ಲಿಯ ಬಾಯಲ್ಲಿ ತಮ್ಮ ಪಾಡಿಗೆ ತಾವು ಇರುವಂಥವು, ಗಟ್ಟಿಮುಟ್ಟಾದವರ ತಂಟೆಗೆ ಬರುವವಲ್ಲ. ಅವನ್ನು ವಿಂಗಡಿಸುವ ರೀತಿಯನ್ನೂ ಮಾಸ್ತರರು ಕಲಿಸಿದ್ದರು. ಸೀಸೆಯಲ್ಲಿ ಆಹಾರ ಹಾಕಿ ಬೆಳೆಸಬೇಕು. ಕೆಲವು ವಾರದೊಳಗೆ ಕಣ್ಣಿಗೆ ಬೀಳುತ್ತವೆ, ಕೆಲವು ತಿಂಗಳುಗಟ್ಟಲೆ ಕಾಯಿಸುತ್ತವೆ. ಕೆಲವು ಬೆಳಕಿಗಿಟ್ಟರೆ ಹಳದಿಯಾಗುತ್ತವೆ, ಕೆಲವು ಕತ್ತಲಲ್ಲಿಟ್ಟರೂ ಹಳದಿಯಾಗುತ್ತವೆ. ಕ್ಷಯದ್ದು ಹಾಗಲ್ಲ, ಯಾವ ಬಣ್ಣಕ್ಕೂ ತಿರುಗದೆ ಒಣರೊಟ್ಟಿಯ ಪುಡಿಯಂತೆ ನಿಧಾನ ಕಟ್ಟಿಕೊಳ್ಳುತ್ತದೆ. ಕುಷ್ಠದ್ದಂತೂ ಯಾವ ಸೀಸೆಯಲ್ಲೂ ಬೆಳೆಯಲು ಒಪ್ಪುವುದಿಲ್ಲ. ಇಷ್ಟೆಲ್ಲ ಭೇದ ಸೀಸೆಯಲ್ಲಿ ತಿಳಿಯುವುದೇ ಹೊರತು ಮೈಕ್ರೋಸ್ಕೋಪಿನ ಕೆಳಗೆ ಎಲ್ಲವೂ ಕೆಂಪು ಕಡ್ಡಿಗಳೇ.

‘ಇಲ್ಲಿಂದ ನಮಗ ಮನೆತನ ಕಾಣತೈತಿ, ಹೆಸರು ಕಾಣೂದಿಲ್ಲ’ ಎನ್ನುತ್ತಿದ್ದರು ಮಾಸ್ತರರು, ಕಣ್ಣು ಮೈಕ್ರೋಸ್ಕೋಪಿನಲ್ಲೇ ಇಟ್ಟು. ‘ಕಫದಾಗ ಕಂಡ್ರ ಕ್ಷಯ ಅಂತ ಬರೀತೀವಿ, ನೂರಕ್ಕ ತೊಂಬತ್ತೈದು ಖರೇನ ಇರ್ತೈತಿ. ಆದ್ರ ನೀರಿನ್ಯಾಗಿಂದು ನಿನ್ನ ಗಾಜಿನ ಮ್ಯಾಲ ಬಂದು ಕುಂತ್ರ ನಿನಗ ಗೊತ್ತಾಗೂದಿಲ್ಲ. ಅದಕ್ಕ ಬಟ್ಟಿ ಇಳಿಸಿದ ನೀರ ಬಿಟ್ಟು ಬ್ಯಾರೆ ನೀರಿಲೆ ಗಾಜು ತೊಳೀಬ್ಯಾಡ. ಅದೊಂದು ನೆನಪಿಟ್ಟುಕೋ.’

ಹುಡುಗ ಬಾಯಿ ತೆರೆದು ಕೇಳುತ್ತಿದ್ದಾನೆ, ಜಾಣ, ಎಂದುಕೊಂಡರು ಮಾಸ್ತರರು. ಆ ಹುಡುಗ ಹಾಗೆ ಕೇಳುತ್ತಿದ್ದುದಕ್ಕೆ ಬೇರೆ ಕಾರಣವಿತ್ತು. ಅಗಡಿಯಲ್ಲಿ ರಜಾಕ ಹತ್ತು ವರ್ಷದವನಿದ್ದಾಗ ಅವನ ಅಮ್ಮನಿಗೆ ಕ್ಷಯವಾಗಿತ್ತು. ಮನೆಯ ಹಿರಿಯರು ಆಕೆಯನ್ನು ಹಿತ್ತಲಿನ ದನದ ಕೊಟ್ಟಿಗೆಗೆ ಹಾಕಿದರು. ಒಂದು ಅಲ್ಯುಮಿನಿಯಂ ತಾಟು, ಒಂದು ಲೋಟ, ಒಂದು ಕೌದಿ. ರಜಾಕ ಬಾಗಿಲಿಗೆ ಬಂದರೆ ಆಕೆಯೇ ಕೈ ಅಡ್ಡ ಮಾಡಿ ‘ಅಲ್ಲೇ ನಿಂದ್ರು ಬೇಟಾ’ ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಆಕೆ ನೀರು ಕೇಳಿದಳು. ಅವನು ಲೋಟ ತುಂಬಿಸಿ ತಂದು ಹೊಸ್ತಿಲ ಒಳಗೆ ನೆಲಕ್ಕಿಟ್ಟು, ದೊಡ್ಡವರು ಮಾಡುವುದನ್ನು ನೋಡಿದ್ದನಲ್ಲ, ಕೋಲಿನಿಂದ ಆಕೆಯ ಕಡೆಗೆ ಸರಿಸಿದ. ನೀರು ತುಳುಕಿತು. ಆಕೆ ಉಳಿದ ನೀರು ಕುಡಿದಳು. ಒಂಬತ್ತು ದಿನಕ್ಕೆ ತೀರಿಕೊಂಡಳು. ಆ ಕೋಲಿನ ಸುದ್ದಿಯನ್ನು ರಜಾಕಸಾಬರು ಮಾಸ್ತರರಿಗೂ ಹೇಳಲಿಲ್ಲ, ಬಿಬಿಜಾನರಿಗೂ ಹೇಳಲಿಲ್ಲ.

ಇನ್ನು ಈ ವರ್ಷದ ಮಾತು. ಕಳೆದ ದಸರೆಯ ಹೊತ್ತಿಗೆ ದವಾಖಾನೆಯಲ್ಲಿ ನೀರು ಬಟ್ಟಿ ಇಳಿಸುವ ಗಾಜಿನ ಉಪಕರಣ ಸೀಳಿತು. ಹೊಸದು ತರಿಸುತ್ತೇವೆ ಎಂದರು, ತರಿಸುವುದು ತಡವಾಯಿತು. ಅಷ್ಟರತನಕ ರಾಣೆಬೆನ್ನೂರಿಗೆ ಹೋಗಿ ಬಟ್ಟಿ ನೀರಿನ ಸೀಸೆ ತರಬಹುದಿತ್ತು. ಅರ್ಧ ತಾಸಿನ ಹಾದಿ, ಬಸ್ಸಿಗೇನೂ ಬರಗಾಲವಿಲ್ಲ. ಆದರೆ ದವಾಖಾನೆಯ ಮೂಲೆಯಲ್ಲೇ ಕುಡಿಯುವ ನೀರಿನ ಕ್ಯಾನು ಇತ್ತು. ಓಣಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸುವ ಇಪ್ಪತ್ತು ಲೀಟರಿನ ನೀಲಿ ಕ್ಯಾನು. ನಮ್ಮ ಕಡೆ ಜನರಿಗೆ ಈ ಫಿಲ್ಟರ್ ನೀರಿನ ಮೇಲೆ ಇರುವ ಭಕ್ತಿ ದೇವರ ಮೇಲೂ ಇಲ್ಲ. ಬೀಗರು ಬಂದರೆ ಫಿಲ್ಟರ್ ನೀರು, ಕೂಸಿಗೆ ಫಿಲ್ಟರ್ ನೀರು, ಸಾಯುವವರ ಬಾಯಿಗೂ ಫಿಲ್ಟರ್ ನೀರು. ಕ್ಯಾನಿನ ಬಾಯಿ ಸಣ್ಣದು, ಒಳಗೆ ಕೈ ಹೋಗುವುದಿಲ್ಲ, ಆದ್ದರಿಂದ ಅದನ್ನು ಯಾರೂ ಉಜ್ಜಿ ತೊಳೆಯುವುದಿಲ್ಲ. ಅರ್ಧ ಉಳಿದಿರುವಾಗಲೇ ಮತ್ತೆ ತುಂಬಿಸುತ್ತಾರೆ. ಮಾಸ್ತರರು ಹೇಳಿದ್ದು ನಲ್ಲಿಯ ನೀರಿನ ಮಾತು, ಇದು ಫಿಲ್ಟರ್ ನೀರು, ಕುಡಿಯುವಂಥದ್ದು ಗಾಜು ತೊಳೆಯಲು ಬಾರದೇ ಎಂದುಕೊಂಡರು ರಜಾಕಸಾಬರು. ಎಷ್ಟೋ ಜಾಣರು ತಮಗೆ ತಾವೇ ಹೀಗೆ ಸುಲಭದ ಉತ್ತರ ಕೊಟ್ಟುಕೊಳ್ಳುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ನೀಲಗಂಗವ್ವ ಬಂದಳು. ಐವತ್ತರ ಹತ್ತಿರದ ಹೆಂಗಸು. ಮಾರುಕಟ್ಟೆಯ ಹಿಂದಿನ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಗಂಡನಿಲ್ಲ, ಮಗ-ಸೊಸೆಯ ಜೊತೆ ಇದ್ದಾಳೆ. ಮೂರು ವಾರದಿಂದ ಕೆಮ್ಮು ನಿಂತಿಲ್ಲ.

‘ಘಾಟ ಐತ್ರಿ ಸಾಹೇಬ್ರ, ನಾ ಬಲ್ಲೆ. ಸೊಸಿ ಕೇಳವಲ್ಲಳು, ಮನ್ಯಾಗ ಕೂಸೈತಿ ಅಂತ ಕಳಿಸ್ಯಾಳ’ ಎಂದು ನಕ್ಕಳು.

ಎರಡು ಸಲ ಕಫ ಕೊಟ್ಟಳು. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ, ನೂರು ನೋಟಗಳನ್ನು ಒಂದೊಂದಾಗಿ ಸರಿಸಿ ನೋಡುವಷ್ಟರಲ್ಲಿ, ರಜಾಕಸಾಬರು ನಾಲ್ಕು ಕೆಂಪು ಕಡ್ಡಿ ಎಣಿಸಿದರು. ನಾಲ್ಕೇ. ಆದರೂ ಕಂಡದ್ದು ಕಂಡದ್ದೇ. ಕೆಂಪು ಶಾಯಿಯಲ್ಲಿ ಅವಳ ಹೆಸರು ಬರೆದು ಎದುರಿಗೆ ನಾಲ್ಕು ಎಂದು ಹಾಕಿದರು.

ದವಾಖಾನೆಯ ಡಾಕ್ಟರು ನಿರ್ಮಲಾ. ಅವರು ಗುಳಿಗೆ ಶುರು ಮಾಡಿಸಿ ಕಫದ ಒಂದು ಭಾಗವನ್ನು ಹಾವೇರಿಯ ಯಂತ್ರಕ್ಕೂ ಕಳಿಸಿದರು. ಆ ಯಂತ್ರ ಕಡ್ಡಿಯ ಬಣ್ಣ ನೋಡುವುದಿಲ್ಲ, ಅದರ ಒಳಗಿನ ಗುರುತನ್ನೇ ಹುಡುಕುತ್ತದೆ. ನಾಲ್ಕು ದಿನಕ್ಕೆ ಉತ್ತರ ಬಂತು, ಕ್ಷಯದ ರೋಗಾಣು ಇಲ್ಲವೆಂದು. ನಿರ್ಮಲಾ ಕಾಗದ ಹಿಡಿದುಕೊಂಡು ಹಿಂದಿನ ಕೋಣೆಗೆ ಬಂದರು.

‘ರಜಾಕಸಾಬ್ರ, ಇನ್ನೊಮ್ಮೆ ನೋಡ್ತೀರೇನು? ಅದ ಮನೆತನದ್ದು ಬ್ಯಾರೆ ಯಾವುದರ ಇರಬಹುದೇನ್ರಿ?’

ಅವರ ಮುಖ ಬಿಗಿಯಿತು. ‘ನಾಲ್ಕು ಕಡ್ಡಿ ನನ್ನ ಕಣ್ಣಿಲೆ ನೋಡೇನ್ರಿ ಮೇಡಂ. ಇಷ್ಟ ಕಮ್ಮಿ ಇದ್ದಾಗ ಯಂತ್ರ ತಪ್ಪಸ್ತೈತಿ. ಇಪ್ಪತ್ತೆಂಟು ವರ್ಷ ಆತ್ರಿ.’

ಯಂತ್ರ ತಪ್ಪಿಸುವುದೂ ಉಂಟು, ಆ ಮಾತು ಸುಳ್ಳಲ್ಲ. ಎಕ್ಸರೇಯಲ್ಲಿ ಹಳೆಯ ಧೂಳಿನದೋ ಮತ್ತೇನದೋ ಒಂದು ಮಬ್ಬು ಕಲೆಯೂ ಇತ್ತು. ನಿರ್ಮಲಾ ವಯಸ್ಸಿನಲ್ಲಿ ಅವರ ಮಗಳಷ್ಟಿದ್ದವರು, ಇಪ್ಪತ್ತೆಂಟು ವರ್ಷ ಎಂಬ ಮಾತಿಗೆ ಎದುರಾಡಲಿಲ್ಲ. ಗುಳಿಗೆ ಮುಂದುವರಿದವು.

ತಿಂಗಳಾದ ಮೇಲೆ ಗುಳಿಗೆ ಒಯ್ಯಲು ಬಂದ ನೀಲಗಂಗವ್ವ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು. ನಗು ಎಲ್ಲೋ ಹೋಗಿತ್ತು.

‘ಉಚ್ಚಿ ಕೆಂಪಗ ಹೊಕ್ಕಾವ್ರಿ, ಬೆವರೂ ಕೆಂಪಗ. ಬಾಜೂಕ ಕುಂದರೂ ಉಡಚವ್ವ ನನ್ನ ಕುಬಸದ ಮ್ಯಾಲ ಕಲಿ ನೋಡಿ ಕೇಳಿದ್ಲು, ನಾ ಹೇಳಿಬಿಟ್ಟೆ. ಹೇಳಬಾರದಿತ್ತೇನೋ. ಈಗ ನನ್ನ ಸಾಲು ಬಿಡಿಸಿ ಗ್ವಾಡಿ ಬುಡಕ ಒಬ್ಬಾಕಿನ್ನ ಕುಂದರಸ್ಯಾರ. ನೀರು ಕುಡಿಯೂ ಚರಗಿ ಬ್ಯಾರೆ ಮಾಡ್ಯಾರ. ಸೊಸಿ ಕೂಸಿನ್ನ ಕರಕೊಂಡು ಕುಪ್ಪೇಲೂರಿಗೆ ತವರಮನಿಗೆ ಹೋಗ್ಯಾಳ. ಕೂಸು ನಡಿಯಾಕ ಕಲತೈತಂತ್ರಿ. ಮಗ ಫೋನಿನ್ಯಾಗ ತೋರ್ಸಿದ.’

ಗುಳಿಗೆಯ ಬಣ್ಣ ಮೈಯಿಂದ ಹೊರಗೆ ಬರುತ್ತದೆ, ಅದಕ್ಕೆ ಹೆದರಬೇಡ ಎಂದು ರಜಾಕಸಾಬರು ತಿಳಿಸಿ ಹೇಳಿದರು. ಉಳಿದ ಮಾತಿಗೆ, ‘ಆರ ತಿಂಗಳಲ್ಲೇನ್ ಯವ್ವಾ, ತಡಕೊ’ ಅಂದರು. ಇಪ್ಪತ್ತೆಂಟು ವರ್ಷದಿಂದ ಎಲ್ಲರಿಗೂ ಅವರು ಹೇಳುತ್ತಿದ್ದುದು ಇದೇ ಮಾತು. ಹೇಳುವಾಗ ಕಣ್ಣು ರಿಜಿಸ್ಟರಿನ ಮೇಲೆ ಇರುತ್ತಿತ್ತು. ಅವಳು ಹ್ಞೂಂ ಎಂದು ಹೋದಳು.

ಮಾರ್ಚ್ ಮೊದಲ ವಾರ. ರಜಾಕಸಾಬರಿಗೇ ಕೆಮ್ಮು ಹತ್ತಿ ಹದಿನೈದು ದಿನ ದಾಟಿತ್ತು. ಘಾಟು ಎಂದು ಬಿಟ್ಟಿದ್ದರು. ಆ ದಿನ ಕೆಲಸ ಕಡಿಮೆಯಿತ್ತು, ಬೇರೆಯವರಿಗೆ ಹೇಳುವ ಬುದ್ಧಿ ತನಗೂ ಇರಲಿ ಎಂದು ತಮ್ಮ ಕಫವನ್ನೇ ಗಾಜಿಗೆ ಹಚ್ಚಿದರು. ಕಾಸಿದರು, ತೊಳೆದರು, ಆಸಿಡ್ ಹಾಕಿದರು, ತೊಳೆದರು, ನೀಲಿ ಹಾಕಿದರು, ಮತ್ತೆ ತೊಳೆದರು. ಎಣ್ಣೆಯ ಹನಿ ಹಾಕಿ ಕಣ್ಣಿಟ್ಟರು. ಹನ್ನೊಂದನೆಯ ನೋಟದಲ್ಲಿ ಒಂದು ಕೆಂಪು ಕಡ್ಡಿ. ಮೂವತ್ತರ ಸುಮಾರಿಗೆ ಎರಡು, ಒಂದಕ್ಕೊಂದು ಆತುಕೊಂಡು. ನೂರು ಮುಗಿಯುವಷ್ಟರಲ್ಲಿ ಐದು. ರಿಜಿಸ್ಟರಿನಲ್ಲಿ ಅವರು ಏನನ್ನೂ ಬರೆಯಲಿಲ್ಲ.

ಮನೆಗೆ ಹೋದರೆ ಮಗಳು ಬೇನಜೀರ ರಾಣೆಬೆನ್ನೂರಿನಿಂದ ಬಂದಿದ್ದಳು. ಅವಳ ಎರಡು ವರ್ಷದ ಕೂಸು ಅಜ್ಜನನ್ನು ಕಂಡದ್ದೇ ಎರಡೂ ಕೈ ಚಾಚಿ ಓಡಿ ಬಂತು.

‘ಅಲ್ಲೇ ನಿಂದ್ರು’ ಎಂದರು ರಜಾಕಸಾಬರು, ಕೈ ಅಡ್ಡ ಮಾಡಿ.

ಕೂಸು ಗಕ್ಕನೆ ನಿಂತಿತು. ಅದರ ಕೆಳತುಟಿ ಮುಂದೆ ಬಂತು. ಬೇನಜೀರ, ‘ಯಾಕ ಅಬ್ಬಾ, ಏನಾತು?’ ಎಂದಳು. ಅವರು ಮೈಯೆಲ್ಲ ಮೆಣಸಿನಕಾಯಿ ಧೂಳು ಐತಿ ಎಂದು ಏನೋ ಹೇಳಿ ಹಿತ್ತಲಿಗೆ ಹೋಗಿ ನಿಂತರು. ನಲವತ್ತೇಳು ವರ್ಷದ ಹಿಂದೆ ಕೊಟ್ಟಿಗೆಯ ಬಾಗಿಲಲ್ಲಿ ಕೇಳಿದ ದನಿಯೇ ತಮ್ಮ ಬಾಯಿಂದ ಬಂದಿತ್ತು. ಅಮ್ಮ ಆ ಮಾತನ್ನು ಎಷ್ಟು ಕಷ್ಟಪಟ್ಟು ಆಡಿದ್ದಳು ಎಂಬುದು ಅವತ್ತು ಅವರಿಗೆ ತಿಳಿಯಿತು. ತಿಳಿದು ಗೋಡೆ ಹಿಡಿದುಕೊಂಡು ಅತ್ತರು.

ಊಟಕ್ಕೆ ಕೂತಾಗ ತಮ್ಮ ಲೋಟವನ್ನು ಯಾರಿಗೂ ಕಾಣದಂತೆ ಬದಿಗೆ ಸರಿಸಿಟ್ಟುಕೊಂಡರು. ಬಿಬಿಜಾನರ ಕಣ್ಣಿಗೆ ಅದು ಬೀಳದೆ ಇರಲಿಲ್ಲ.

‘ಏನ್ ಬಚ್ಚಿಡಾಕತ್ತೀರಿ?’ ಎಂದರು.

‘ಏನಿಲ್ಲ.’

‘ಮೂವತ್ತೈದು ವರ್ಷ ಆತು, ನಿಮ್ಮ ಏನಿಲ್ಲ ಅನ್ನೂದನ್ನ ಕೇಳಾಕತ್ತು’ ಎಂದು ಬಿಬಿಜಾನ್ ಆ ಲೋಟವನ್ನೇ ಎತ್ತಿ ನೀರು ಕುಡಿದು ಇಟ್ಟರು. ಜಗಳ ಆಡುವಂತೆ ಕುಡಿದರು.

ಮರುದಿನ ಬೆಳಿಗ್ಗೆ ದವಾಖಾನೆ ತೆರೆಯುವ ಮೊದಲೇ ಹೋಗಿ ಅದೇ ಗಾಜನ್ನು ಮತ್ತೆ ನೋಡಿದರು. ಭಯದ ಅಬ್ಬರ ಇಳಿದಿತ್ತು, ಹಳೆಯ ಕಸುಬಿನ ಕಣ್ಣು ಎದ್ದಿತ್ತು. ಕಡ್ಡಿಗಳು ಸ್ಪಷ್ಟವಾಗಿ ಕಾಣುವಾಗ ಸುತ್ತಲಿನ ನೀಲಿ ಕಫ ಮಸುಕಾಗುತ್ತಿತ್ತು. ಕಫವನ್ನು ಸ್ಪಷ್ಟ ಮಾಡಿಕೊಂಡರೆ ಕಡ್ಡಿಗಳು ಮಸುಕು. ಅಂದರೆ ಅವು ಕಫದ ಒಳಗೆ ಇರಲಿಲ್ಲ, ಅದರ ಮೇಲೆ ಕೂತಿದ್ದವು. ಎದೆಯಿಂದ ಬಂದದ್ದು ಕಫದಲ್ಲಿ ಹೂತಿರಬೇಕು. ಇವು ಆಮೇಲೆ ಮೇಲಿನಿಂದ ಬಂದು ಇಳಿದಂಥವು.

ಅವರು ಎದ್ದು ಮೂಲೆಯ ನೀಲಿ ಕ್ಯಾನನ್ನು ನೋಡಿದರು. ಹತ್ತಿಯನ್ನು ಕಡ್ಡಿಗೆ ಸುತ್ತಿ ಒಳಗೆ ಇಳಿಸಿ ಕ್ಯಾನಿನ ಒಳಮೈಗೆ ಒರೆಸಿ ತೆಗೆದರು. ಹತ್ತಿಗೆ ಲೋಳೆಯಂಥ ತೆಳುವಾದ ಜಿಡ್ಡು ಹತ್ತಿತ್ತು. ಎರಡು ಹೊಸ ಗಾಜು ತೆಗೆದುಕೊಂಡರು, ಎರಡರ ಮೇಲೂ ಕಫವಿಲ್ಲ, ಏನೂ ಇಲ್ಲ. ಒಂದನ್ನು ಕ್ಯಾನಿನ ನೀರಿನಿಂದ ತೊಳೆದು ಬಣ್ಣ ಹಾಕಿದರು. ಇನ್ನೊಂದನ್ನು ಇಂಜೆಕ್ಷನ್ ಕಲಸುವ ಮುಚ್ಚಿದ ಸೀಸೆಯ ನೀರಿನಿಂದ ತೊಳೆದು ಬಣ್ಣ ಹಾಕಿದರು. ಎರಡನೆಯದರಲ್ಲಿ ಏನೂ ಇರಲಿಲ್ಲ. ಮೊದಲನೆಯದರಲ್ಲಿ ಯಾರ ಎದೆಯಿಂದಲೂ ಬಾರದ, ಯಾರನ್ನೂ ಕೊಲ್ಲದ, ಆದರೆ ಅದೇ ಮೇಣದ ಅಂಗಿ ತೊಟ್ಟ ಕೆಂಪು ಕಡ್ಡಿಗಳು ಇದ್ದವು.

ಅಲ್ಲಾಹನೇ, ನನಗಿಲ್ಲ ಎಂದು ಅವರ ಎದೆ ಹಗುರಾಯಿತು. ಹಗುರಾದ ಮರುಕ್ಷಣ ನೀಲಗಂಗವ್ವನ ನೆನಪಾಗಿ, ಮೊದಲು ತನ್ನ ಜೀವದ ಸಲುವಾಗಿ ಹಿಗ್ಗಿದ್ದಕ್ಕೆ ನಾಚಿಕೆಯಾಯಿತು. ಪೆಟ್ಟಿಗೆಯಿಂದ ಅವಳ ಹಳೆಯ ಗಾಜು ಹುಡುಕಿ ಹಾಕಿದರು. ನಾಲ್ಕೂ ಕಡ್ಡಿ ಕಫದ ಮೇಲೆ ಕೂತಿದ್ದವು. ಆರು ವಾರದ ಹಿಂದೆ ಡಾಕ್ಟರು ಕೇಳಿದಾಗ ಒಂದೇ ಒಂದು ಸಲ ಬಗ್ಗಿ ನೋಡಿದ್ದರೆ ಅವತ್ತೂ ಅಲ್ಲೇ ಕಾಣುತ್ತಿದ್ದವು. ದಸರೆಯ ನಂತರ ಕೆಂಪು ಶಾಯಿ ಕಂಡ ಉಳಿದ ಆರು ಹೆಸರುಗಳನ್ನೂ ಒಂದೊಂದಾಗಿ ತೆಗೆದು ನೋಡಿದರು. ಅವು ನಿಜದವು, ಹಾವೇರಿಯ ಯಂತ್ರವೂ ಹೌದೆಂದಿತ್ತು. ತಪ್ಪಿದ್ದು ಒಂದು, ಇಲ್ಲ ಎಂದು ಯಂತ್ರ ಹೇಳಿದರೂ ಅವರು ಕೇಳದ ಒಂದು.

ಈ ಸುದ್ದಿ ಆ ಕೋಣೆಯಿಂದ ಹೊರಗೆ ಹೋಗದಂತೆ ನೋಡಿಕೊಳ್ಳುವುದು ಕಷ್ಟವಿರಲಿಲ್ಲ. ಗಾಜನ್ನು ಒಡೆದು ಹಾಕಿ, ಮುಂದಿನ ಪರೀಕ್ಷೆಯಲ್ಲಿ ಕಡ್ಡಿ ಕಾಣಲಿಲ್ಲ ಎಂದು ನೀಲಿ ಶಾಯಿಯಲ್ಲಿ ಬರೆದರೆ ಮುಗಿಯಿತು. ಮೇ ತಿಂಗಳಿಗೆ ಶಾಲು. ಈ ಯೋಚನೆ ಅವರಿಗೆ ಬರಲಿಲ್ಲ ಎಂದು ನಾನು ಹೇಳಲಾರೆ. ಬಂತು, ಸುಮಾರು ಹೊತ್ತು ಕೂತಿತ್ತು. ಆಮೇಲೆ ಅವರು ತಮ್ಮದು, ಅವಳದು, ಎರಡು ಖಾಲಿ ಗಾಜು, ನಾಲ್ಕನ್ನೂ ಬಟ್ಟಲಲ್ಲಿಟ್ಟುಕೊಂಡು ಡಾಕ್ಟರ ಕೋಣೆಗೆ ಹೋಗಿ, ಕೂಡದೆ ನಿಂತುಕೊಂಡೇ ಎಲ್ಲ ಹೇಳಿದರು.

ನಿರ್ಮಲಾ ಅವತ್ತೇ ಗುಳಿಗೆ ನಿಲ್ಲಿಸಿದರು, ನೀಲಗಂಗವ್ವನನ್ನು ಕರೆಸಿ ಕಫವನ್ನು ಮತ್ತೆ ಹಾವೇರಿಗೆ ಕಳಿಸಿದರು. ಹೊಸ ಎಕ್ಸರೇಯಲ್ಲಿ ಕಲೆ ಇದ್ದಲ್ಲೇ ಇತ್ತು, ಹಳೆಯದು. ಯಂತ್ರ ಈ ಸಲವೂ ಇಲ್ಲ ಎಂದಿತು.

‘ಖರೇ ಹೇಳ್ಬೇಕಂದ್ರ ನನ್ನದೂ ತಪ್ಪೈತ್ರಿ, ನಿಮ್ಮ ವಯಸ್ಸಿಗೆ ಅಂಜಿ ಸುಮ್ಮನಾದೆ’ ಎಂದರು ನಿರ್ಮಲಾ. ‘ಆಕಿಗೆ ನಾನ ಫೋನ್ ಮಾಡಿ ಹೇಳ್ತೀನಿ ಬಿಡ್ರಿ.’

‘ಫೋನಿನ್ಯಾಗ ಹೇಳಿದ್ರ ಆಕಿ ಕಿವ್ಯಾಗಷ್ಟ ಉಳೀತೈತ್ರಿ. ನಾಲ್ಕ ಮಂದ್ಯಾಗ ಆಕಿನ್ನ ಏಳಿಸ್ಯಾರ. ಕೆಂಪು ಶಾಯಿಲೆ ಬರದಾಂವ ನಾನು, ನಾನ ಹೊಕ್ಕೇನಿ’ ಎಂದರು ರಜಾಕಸಾಬರು. ರಿಜಿಸ್ಟರಿನಲ್ಲಿ ಆ ಹೆಸರಿನ ಮುಂದೆ ಅಳಿಸದೆ ತಿದ್ದದೆ, ‘ಇದು ನನ್ನ ತಪ್ಪು, ನೀರಿನದು’ ಎಂದು ಬರೆದು ಪೂರ್ತಿ ಸಹಿ ಮಾಡಿದರು.

ಗೋದಾಮಿಗೆ ಹೋದಾಗ ಹನ್ನೊಂದರ ಬಿಸಿಲು. ಒಳಗೆ ಆಳೆತ್ತರದ ಕೆಂಪು ರಾಶಿ, ಅದರ ಸುತ್ತ ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡ ಮೂವತ್ತು ನಲವತ್ತು ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ದೂರದ ಗೋಡೆಯ ಬುಡದಲ್ಲಿ, ನಡುವೆ ನಾಲ್ಕು ಆಳು ಕೂಡುವಷ್ಟು ಜಾಗ ಬಿಟ್ಟು, ನೀಲಗಂಗವ್ವ ಒಬ್ಬಳೇ ಸಣ್ಣ ಗುಂಪೆಯ ಮುಂದೆ ಕೂತಿದ್ದಳು. ಮಗ್ಗುಲಿಗೆ ಬಾಯಿ ನೆಗ್ಗಿದ ಒಂದು ಚರಗಿ, ಒಂದು ಸ್ಟೀಲ್ ಲೋಟ. ಕೆಮ್ಮಿನ ರಜಾಕಸಾಬ ಬಂದದ್ದು ಕಂಡು ಸಾಲಿಗೆ ಸಾಲೇ ಕೈ ನಿಲ್ಲಿಸಿತು.

ರಜಾಕಸಾಬರು ನಡುಮಧ್ಯ ನಿಂತರು. ‘ಎಲ್ಲಾರೂ ಕೇಳ್ರಿ’ ಎಂದರು. ಘಾಟಿಗೆ ಗಂಟಲು ಹಿಡಿದು ಒಂದಿಷ್ಟು ಕೆಮ್ಮಿ ಮತ್ತೆ ಶುರು ಮಾಡಿದರು. ‘ನೀಲಗಂಗವ್ವಗ ಕ್ಷಯ ಇಲ್ಲ. ಎಂದೂ ಇದ್ದಿಲ್ಲ. ನಾ ಗಾಜು ತೊಳದ ನೀರು ಹೊಲಸಿತ್ತು, ನೀರಿನ್ಯಾಗಿಂದು ನೋಡಿ ಆಕೀ ಎದಿಯಾಗಿಂದು ಅಂತ ಬರದೆ. ಡಾಕ್ಟರು ಮತ್ತ ನೋಡು ಅಂದ್ರು, ನಾ ಸೊಕ್ಕಿಲೆ ನೋಡಲಿಲ್ಲ. ತಪ್ಪು ನನ್ನದು. ಆಕೀದಲ್ಲ, ಡಾಕ್ಟರದಲ್ಲ.’

ಸಾಲಿನ ತುದಿಯಲ್ಲಿದ್ದ ಉಡಚವ್ವ ಬಾಯಿಗೆ ಕಟ್ಟಿದ ಸೆರಗು ಬಿಚ್ಚಿ, ‘ಅಯ್ಯ ಶಿವನ, ಹಂಗಾರ ಈಕಡೆ ಬಾರಬೇ ನೀಲಗಂಗವ್ವ, ಇಲ್ಲಿ ಬಂದು ಕುಂದರ. ಏನಿಲ್ಲಂತಲ್ಲ’ ಎಂದು ಬದಿಗೆ ಸರಿದು ಜಾಗ ಮಾಡಿದಳು.

ನೀಲಗಂಗವ್ವ ಏಳಲಿಲ್ಲ. ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು, ಕಾಯಿಯನ್ನು ಒಂದು ಕಡೆ ತೊಟ್ಟನ್ನು ಇನ್ನೊಂದು ಕಡೆ ಹಾಕಿದಳು. ಆಮೇಲೆ ತಲೆ ಎತ್ತಿ ರಜಾಕಸಾಬರನ್ನು ಕೇಳಿದಳು.

‘ಇಲ್ಲ ಅಂತ ಹೇಳಾಕ ಬಂದೀರಿ, ಚಲೋ ಆತ್ರಿ. ಖರೇನ ಇದ್ದಿದ್ರ? ಇದ್ದಿದ್ರ ಇಲ್ಲಿ ಕುಂದರಸೂದು ಬರೋಬ್ಬರಿ ಇತ್ತೇನ್ರಿ ಸಾಹೇಬ್ರ? ನಾ ತಡಕೋಬೇಕಿತ್ತೇನ್ರಿ ಆರ ತಿಂಗಳು?’

ಸಿಟ್ಟಿನಿಂದ ಕೇಳಲಿಲ್ಲ. ಅವಳಿಗೆ ಉತ್ತರ ನಿಜಕ್ಕೂ ಬೇಕಾಗಿತ್ತು. ರಜಾಕಸಾಬರು ತಪ್ಪೊಪ್ಪಿಕೊಳ್ಳಲು ಬಂದಿದ್ದರು, ಒಪ್ಪಿಕೊಂಡಿದ್ದರು, ಅಲ್ಲಿಗೆ ಭಾರ ಇಳಿಯುತ್ತದೆ ಎಂದುಕೊಂಡಿದ್ದರು. ಇವಳು ಕೇಳಿದ್ದು ಗಾಜಿನ ವಿಷಯವಲ್ಲ. ರಿಜಿಸ್ಟರಿನಲ್ಲಿ ಇಪ್ಪತ್ತೆಂಟು ವರ್ಷದ ಕೆಂಪು ಹೆಸರುಗಳಿದ್ದವು, ಎಲ್ಲ ನಿಜವಾದವು. ಆ ಎಲ್ಲರಿಗೂ ತಡಕೊ ಎಂದು ಹೇಳಿ ಕಳಿಸಿದ್ದರಲ್ಲ, ಅವರೆಲ್ಲ ಯಾವ ಯಾವ ಗೋಡೆಯ ಬುಡದಲ್ಲಿ ಕೂತರೋ ಒಂದು ದಿನವೂ ಹೋಗಿ ನೋಡಿರಲಿಲ್ಲ. ಅದಕ್ಕೂ ಮುಂಚೆ ಅಗಡಿಯ ಕೊಟ್ಟಿಗೆಯಲ್ಲಿ ಒಬ್ಬಾಕೆ ಇದ್ದಳು. ಅವಳಿಗಿದ್ದದ್ದೂ ನಿಜವಾದದ್ದೇ.

‘ಇಲ್ಲವ್ವಾ’ ಎಂದರು. ಮತ್ತೊಮ್ಮೆ ಎಲ್ಲರಿಗೂ ಕೇಳುವಂತೆ ಹೇಳಿದರು. ‘ಖರೇ ಇದ್ರೂ ಬರೋಬ್ಬರಿ ಅಲ್ಲ. ಚರಗಿಲಿಂದ ಬರೂ ರೋಗ ಅಲ್ಲ ಅದು. ಗುಳಿಗಿ ತಗೊಳ್ಳಾಕಿ ಬಾಯಿಗೆ ಅರಿವಿ ಕಟ್ಟಿಕೊಂಡ್ರ ಸಾಕು, ನೀವೆಲ್ಲಾ ಹೆಂಗೂ ಕಟ್ಟಿರ್ತೀರಿ. ಇದನ್ನ ನಾ ಮೊದಲ ಬಂದು ಹೇಳಬೇಕಿತ್ತು, ಹೇಳಲಿಲ್ಲ. ನಮ್ಮಮ್ಮಗ ಈ ರೋಗ ಇತ್ತು. ನಾ ಆಕಿಗೆ ನೀರಿನ ಲೋಟಾ ಕೋಲಿಲೆ ಸರಿಸಿದಾಂವ.’

ಉಡಚವ್ವ ಮೊಣಕಾಲ ಮೇಲೆ ಮುಖ ಇಟ್ಟುಕೊಂಡಳು. ರಜಾಕಸಾಬರು ನಡುವಿನ ಖಾಲಿ ಜಾಗ ದಾಟಿ ಗೋಡೆಯ ಬುಡಕ್ಕೆ ಹೋಗಿ, ತೊಟ್ಟುಗಳ ಮೇಲೆಯೇ ನೀಲಗಂಗವ್ವನ ಎದುರು ಕೂತರು. ಕೆಮ್ಮು ಬಿಡಲೊಲ್ಲದು.

‘ನೀರ ಕೊಡವ್ವಾ ಒಂದೀಟು.’

‘ಇದು ನನ್ನ ಚರಗಿರಿ’ ಎಂದಳು ಅವಳು.

‘ಅದರಾಗಿಂದ ಕೊಡು.’

ಅವಳು ಚರಗಿ ಬಗ್ಗಿಸಿ ಲೋಟ ತುಂಬಿದಳು. ಇಷ್ಟು ದಿನದಲ್ಲಿ ಕೈಗೆ ರೂಢಿಯಾಗಿಬಿಟ್ಟಿತ್ತು. ಲೋಟವನ್ನು ನೆಲಕ್ಕಿಟ್ಟು, ಬೆರಳ ತುದಿಯಿಂದ ಅವರ ಕಡೆಗೆ ಸರಿಸಿದಳು. ಸ್ವಲ್ಪ ನೀರು ತುಳುಕಿ ಮೆಣಸಿನಕಾಯಿಯ ಧೂಳಿನ ಮೇಲೆ ಬಿತ್ತು.

ರಜಾಕಸಾಬರು ಲೋಟ ಎತ್ತಿಕೊಳ್ಳಲಿಲ್ಲ. ಅದನ್ನೇ ನೋಡುತ್ತ ಕೂತರು, ಕಣ್ಣಿನ ನೀರು ಗಡ್ಡಕ್ಕಿಳಿಯಿತು.

‘ಕೈಯಾಗ ಕೊಡವ್ವಾ’ ಎಂದು ಎರಡೂ ಕೈ ಚಾಚಿದರು.

ಅವಳು ಎತ್ತಿ ಕೈಗೆ ಕೊಟ್ಟಳು, ಅವರು ಕುಡಿದರು.